ಸ್ಪ್ರಿಂಗ್ ಕತ್ತರಿಸುವ ಮೊದಲು ಬುಷ್ ನೋಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ಬರೆದಿದ್ದರು. ಹುಡುಗರು ಕಾರಿನ ಸಸ್ಪೆನ್ಷನ್‌ಗೆ, ಅಂದರೆ ರಸ್ತೆಯ ಪೆಟ್ಟು ನುಂಗುವ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಮುಂತಾದ ಭಾಗಗಳಿಗೆ, ಕೈ ಹಾಕುವುದನ್ನೇ ನಿಲ್ಲಿಸಬೇಕು, ಕಂಪೆನಿ ಕೊಟ್ಟದ್ದನ್ನು ಕೊಟ್ಟ ಹಾಗೇ ಇಟ್ಟುಕೊಳ್ಳಬೇಕು ಎಂದು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಹತ್ತು ವರ್ಷ ಓಡಿದ ಕಾರಿನಲ್ಲಿ ಕಂಪೆನಿ ಕೊಟ್ಟದ್ದು ಕೊಟ್ಟ ಹಾಗೆ ಎಲ್ಲಿ ಉಳಿದಿರುತ್ತದೆ? ಈ ಮಾತು ಹೇಳಲೆಂದೇ ಬರೆಯುತ್ತಿದ್ದೇನೆ.

ನಾನು ಗಣಿತದ ಟೀಚರ್. ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ, ಶಾಲೆ ಕುಂಬಳೆಯ ಕಡೆ. ಬದಿಯಡ್ಕ, ನೀರ್ಚಾಲು, ಸೀತಾಂಗೋಳಿ ದಾಟಿ ದಿನಾ ಹೋಗಿ ಬರಬೇಕು. ಮಧ್ಯದಲ್ಲಿ ಬಸ್ ಬದಲಿಸಿ ಬದಲಿಸಿ ಸಾಕಾಗಿ 2019ರಲ್ಲಿ ಒಂದು ಹಳೆಯ ಸ್ವಿಫ್ಟ್ ತೆಗೆದುಕೊಂಡೆ. 2013ರ ಮಾಡೆಲ್, ಪೆಟ್ರೋಲ್. ಆಗಲೇ 58 ಸಾವಿರ ಕಿಲೋಮೀಟರ್ ಓಡಿತ್ತು. ಈಗ ಲಕ್ಷ ದಾಟಿದೆ. ತಿಂಗಳಿಗೊಮ್ಮೆ ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವುದೂ ಅದೇ ಕಾರಿನಲ್ಲಿ. ಅಮ್ಮನಿಗೆ ಸೊಂಟನೋವು. ಹಾಗಾಗಿ ರಸ್ತೆಯ ಒಂದೊಂದು ಹೊಂಡವೂ ನನಗೆ ಗೊತ್ತು.

ಎರಡು ಮಳೆಗಾಲದ ಹಿಂದೆ ಕಾರು ನನ್ನ ಮಾತು ಕೇಳುವುದನ್ನು ಕಡಿಮೆ ಮಾಡಿತು. ಉಕ್ಕಿನಡ್ಕದ ಹತ್ತಿರ ಒಂದು ತಿರುವಿದೆ. ಅಲ್ಲಿ ಸ್ಟಿಯರಿಂಗ್ ತಿರುಗಿಸಿದರೆ ಕಾರು ಸ್ವಲ್ಪ ಯೋಚಿಸಿ ಆಮೇಲೆ ತಿರುಗುತ್ತಿತ್ತು. ಹಂಪ್ ಇಳಿದ ಮೇಲೆ ಹಿಂಭಾಗ ಎರಡು ಮೂರು ಸಲ ಕುಣಿಯುತ್ತಿತ್ತು. ಮುಂದಿನ ಎಡಗಡೆ ಕಟಕ್ ಎಂಬ ಸದ್ದು. ಹೊಸ ಷಟ್ಪಥದಲ್ಲಿ 80ರಲ್ಲಿ ಹೋಗುವಾಗ ಸೇತುವೆಯ ಜೋಡಣೆ ದಾಟಿದರೆ ಸಾಕು, ಕಾರು ಒಂದು ಕಡೆಗೆ ಎಳೆದು ಮತ್ತೆ ನೇರವಾಗುತ್ತಿತ್ತು. ಒಂದು ಸಂಜೆ ಜೋರು ಮಳೆ. ಗುಡ್ಡೆಯ ಕೆಂಪು ಮಣ್ಣು ರಸ್ತೆಗೆ ಇಳಿದಿತ್ತು. ತಿರುವಿನಲ್ಲೇ ಒಂದು ಹೊಂಡ. ಹಿಂದಿನ ಚಕ್ರ ಹಾರಿ, ಕಾರು ಎದುರಿನ ಬದಿಗೆ ಒಂದು ಅಡಿ ಜಾರಿತು. ಎದುರಿನಿಂದ ಯಾರೂ ಬರಲಿಲ್ಲ. ಹಿಂದಿನ ಸೀಟಿನಲ್ಲಿ ಅಮ್ಮ ಇದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನದಿಂದ ಸಲಹೆಗಳು ಬಂದವು. ನೆರೆಮನೆಯ ಮಾವ ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಫರ್ ಇಟ್ಟರೆ ಕಾರು ಎತ್ತರವಾಗುತ್ತದೆ, ಗಟ್ಟಿಯಾಗುತ್ತದೆ ಎಂದರು. ತಂಗಿಯ ಮಗ ಕಾಲೇಜಿಗೆ ಹೋಗುವವನು. ಅವನು, "ದೊಡ್ಡಮ್ಮ, ಲೋವರಿಂಗ್ ಸ್ಪ್ರಿಂಗ್ ಹಾಕಿಸಿ, ರಸ್ತೆಗೆ ಅಂಟಿಕೊಂಡು ಹೋಗುತ್ತದೆ" ಎಂದ. ಒಬ್ಬರು ಏರಿಸು ಅನ್ನುತ್ತಾರೆ, ಒಬ್ಬರು ಇಳಿಸು ಅನ್ನುತ್ತಾರೆ. ನಾನು ಹಿರಿಯರ ಮಾತು ಕೇಳಿದೆ. ಪೇಟೆಯ ಒಂದು ಅಂಗಡಿಯವರು ಅರ್ಧ ಗಂಟೆಯಲ್ಲಿ ನಾಲ್ಕು ಬಫರ್ ಹಾಕಿಕೊಟ್ಟರು. ಶಾಕ್ ಹೇಗಿದೆ ಎಂದು ಬಗ್ಗಿ ಕೂಡ ನೋಡಲಿಲ್ಲ. ಮೊದಲ ವಾರ ಚೆನ್ನಾಗಿತ್ತು. ಆಮೇಲೆ ಸಣ್ಣ ಹೊಂಡದ ಪೆಟ್ಟೂ ನೇರ ಅಮ್ಮನ ಸೊಂಟಕ್ಕೆ ಹೋಯಿತು. ನಾಲ್ಕು ತಿಂಗಳಲ್ಲಿ ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದರೆ ಮುಂದಿನಿಂದ ತಂತಿ ಮೀಟಿದ ಹಾಗೆ ಟೊಂಯ್ ಎಂಬ ಸದ್ದು.

ಆಗ ಹೋದದ್ದು ಬದಿಯಡ್ಕದ ಕಡೆಯ ಒಂದು ಸಣ್ಣ ಗ್ಯಾರೇಜಿಗೆ. ಅಲ್ಲಿನ ಅಣ್ಣ ತುಳುವಿನಲ್ಲಿ ಯೋಚಿಸಿ ಕನ್ನಡದಲ್ಲಿ ಮಾತನಾಡುವವರು. ಮೊದಲು ಕಾರಿನ ಒಂದೊಂದು ಮೂಲೆಯನ್ನೂ ಮೈಭಾರ ಹಾಕಿ ಒತ್ತಿ ಬಿಟ್ಟರು. "ನೋಡಿ ಟೀಚರೇ, ಒಮ್ಮೆ ಮೇಲೆ ಬಂದು ಅಲ್ಲೇ ನಿಲ್ಲಬೇಕು. ಇದು ಕುಣಿಯುತ್ತಿದೆ." ಮತ್ತೆ ಹಿಂದಿನ ಟಯರಿನ ಮೇಲೆ ನನ್ನ ಅಂಗೈ ಇಡಿಸಿ ಸುತ್ತಲೂ ಸವರಿಸಿದರು. ಉಬ್ಬು ತಗ್ಗು, ಉಬ್ಬು ತಗ್ಗು. ಚಕ್ರ ನೆಲ ಬಿಟ್ಟು ಹಾರಿ ಹಾರಿ ಬಿದ್ದು ಹಾಗೆ ಸವೆದಿತ್ತು. ಕಾರನ್ನು ಎತ್ತಿ ಕಬ್ಬಿಣದ ರಾಡ್ ಹಾಕಿ ಲೋವರ್ ಆರ್ಮ್ ಮೀಟಿದರು. ಮುಂದಿನ ಚಕ್ರವನ್ನು ಕೆಳಗಿನಿಂದ ಕಾರಿನ ಮೈಗೆ ಜೋಡಿಸುವ ತೋಳು ಅದು, ಅದರ ಕೀಲಿನಲ್ಲಿರುವ ರಬ್ಬರ್ ತುಂಡೇ ಬುಷ್. ಬುಷ್‌ನ ರಬ್ಬರ್ ಹರಿದು ಬಾಯಿ ಬಿಟ್ಟಿತ್ತು. ಎಡಗಡೆಯ ಶಾಕ್‌ನ ಮೈಮೇಲೆ ಎಣ್ಣೆ ಒಸರಿ ಧೂಳು ಅಂಟಿತ್ತು. ಮುಂದಿನ ಚಕ್ರದಲ್ಲಿ ಶಾಕ್ ಮತ್ತು ಸ್ಪ್ರಿಂಗ್ ಒಟ್ಟಿಗೇ ಕೂರುವ ಜೋಡಿಗೆ ಸ್ಟ್ರಟ್ ಎನ್ನುತ್ತಾರೆ. ಟೊಂಯ್ ಸದ್ದು ಅದನ್ನು ಮೇಲೆ ಕಾರಿನ ಮೈಗೆ ಹಿಡಿದಿಡುವ ಮೌಂಟ್ ಮತ್ತು ಬೇರಿಂಗಿನದು. ಬಫರ್ ಸಿಕ್ಕಿಸಿದ ಮೇಲೆ ಸ್ಪ್ರಿಂಗ್ ಕುಗ್ಗಬೇಕಾದಷ್ಟು ಕುಗ್ಗುವುದಿಲ್ಲ. ಅದು ನುಂಗಬೇಕಾದ ಪೆಟ್ಟು ಮೇಲಿನ ಮೌಂಟಿಗೆ ಹೋಗುತ್ತದೆ.

ನನಗೆ ನಾಚಿಕೆಯಾಯಿತು. ಕಾರಿಗೆ ಹೊಸದನ್ನು ಸೇರಿಸಲು ಹೊರಟಿದ್ದೆ, ಇದ್ದದ್ದು ಸತ್ತಿದೆ ಎಂದು ನೋಡಿರಲಿಲ್ಲ.

ಸ್ಪ್ರಿಂಗ್ ಯಾವುದು, ಶಾಕ್ ಯಾವುದು ಎಂಬ ಗೊಂದಲ ನಮ್ಮಲ್ಲಿ ತುಂಬಾ ಜನರಿಗಿದೆ. ಶಾಕ್ ಕಾರಿನ ಭಾರ ಹೊರುವುದಿಲ್ಲ. ಭಾರ ಹೊರುವುದು ಸ್ಪ್ರಿಂಗ್. ನಮ್ಮ ಮನೆಯ ಚಾವಡಿಯಲ್ಲಿ ಒಂದು ಉಯ್ಯಾಲೆ ಇದೆ. ಒಮ್ಮೆ ತಳ್ಳಿಬಿಟ್ಟರೆ ಅದು ತೂಗುತ್ತಲೇ ಇರುತ್ತದೆ. ಅಮ್ಮ ಕಾಲ ಹೆಬ್ಬೆರಳನ್ನು ನೆಲಕ್ಕೆ ಉಜ್ಜಿ ನಿಲ್ಲಿಸುತ್ತಾರೆ. ಉಯ್ಯಾಲೆಯ ಸರಪಳಿ ಸ್ಪ್ರಿಂಗ್ ಇದ್ದ ಹಾಗೆ, ಅಮ್ಮನ ಹೆಬ್ಬೆರಳು ಶಾಕ್ ಇದ್ದ ಹಾಗೆ. ಶಾಕ್‌ನೊಳಗೆ ಪಿಸ್ಟನ್ ಇದೆ, ಎಣ್ಣೆ ಇದೆ. ಸಣ್ಣ ತೂತುಗಳ ಮೂಲಕ ಎಣ್ಣೆ ಕಷ್ಟಪಟ್ಟು ದಾಟುತ್ತದೆ. ಕುಣಿತದ ಶಕ್ತಿ ಅಲ್ಲಿ ಬಿಸಿಯಾಗಿ ಹೋಗುತ್ತದೆ. ಎಣ್ಣೆ ಸೋರಿದರೆ ಹೆಬ್ಬೆರಳು ನೆಲಕ್ಕೆ ಮುಟ್ಟುವುದಿಲ್ಲ, ಅಷ್ಟೇ. ಆಗ ಸ್ಪ್ರಿಂಗ್ ಎಷ್ಟು ಗಟ್ಟಿ ಮಾಡಿದರೂ ಕುಣಿತ ಜಾಸ್ತಿಯೇ ಆಗುತ್ತದೆ.

ಇನ್ನು ಬುಷ್. ಹೆಬ್ಬೆರಳ ಗಾತ್ರದ ರಬ್ಬರ್, ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಮುಂದಿನ ಚಕ್ರ ಯಾವ ಕಡೆ ಮುಖ ಮಾಡಿರಬೇಕು ಎಂದು ಹಿಡಿದಿಡುವುದು ಅದೇ. ಅದು ಹರಿದಾಗ ಬ್ರೇಕ್ ಒತ್ತಿದರೆ ಚಕ್ರ ಹಿಂದೆ ಸರಿಯುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ಸರಿಯುತ್ತದೆ. ಸ್ಟಿಯರಿಂಗ್ ತಿರುಗಿಸಿದ ಮೇಲೆ ಕಾರು ಯೋಚಿಸುತ್ತಿತ್ತು ಎಂದೆನಲ್ಲ, ಅದರ ಕಾರಣ ಇದು.

ಬಫರ್ ಕಿತ್ತು ಹಾಕಿಸಿದೆ. ಮುಂದಿನ ಎರಡು ಸ್ಟ್ರಟ್, ಹಿಂದಿನ ಎರಡು ಶಾಕ್, ಎರಡು ಲೋವರ್ ಆರ್ಮ್, ಎರಡು ಮೌಂಟ್ ಹೊಸದು. ಸೋರಿದ್ದು ಎಡಗಡೆಯದು ಮಾತ್ರ, ಆದರೂ ಎರಡನ್ನೂ ಬದಲಿಸಲೇಬೇಕು. ಒಂದು ಹೊಸದು, ಒಂದು ಹಳೆಯದು ಇದ್ದರೆ ಕಾರು ಎಡ ತಿರುವಿನಲ್ಲಿ ಒಂದು ರೀತಿ, ಬಲ ತಿರುವಿನಲ್ಲಿ ಇನ್ನೊಂದು ರೀತಿ ನಡೆದುಕೊಳ್ಳುತ್ತದೆ. ಸ್ಪ್ರಿಂಗ್ ಹಳೆಯದೇ ಇರಲಿ ಎಂದರು ಅಣ್ಣ. ನಾಲ್ಕು ಮೂಲೆಯ ಎತ್ತರ ಟೇಪ್ ಹಿಡಿದು ಅಳೆದರು. ಎಡ ಬಲ ಸರಿಸಮ ಇತ್ತು, ಕುಸಿದಿರಲಿಲ್ಲ. ಶಾಕ್ ಮಾತ್ರ ಗ್ಯಾಸ್ ತುಂಬಿದ ಬಗೆಯದನ್ನು ಆರಿಸಿದೆವು. ಹೊಂಡದ ಮೇಲೆ ಹೊಂಡ ಬಂದಾಗ ಶಾಕ್‌ನೊಳಗಿನ ಎಣ್ಣೆ ನೊರೆಯಾಗುತ್ತದೆ. ನೊರೆಗೆ ತಡೆಯುವ ಬಲ ಇಲ್ಲ. ನೈಟ್ರೋಜನ್ ಒತ್ತಡ ಆ ನೊರೆಯನ್ನು ತಡೆಯುತ್ತದೆ. ನಮ್ಮ ರಸ್ತೆಗೆ ಇದು ಶೋಕಿ ಅಲ್ಲ, ಬೇಕಾದದ್ದೇ.

ಒಂದು ಸಂಗತಿಯನ್ನು ಇಲ್ಲಿ ಬಿಡಿಸಿ ಹೇಳಬೇಕು. ಎಲ್ಲ ಕೆಲಸ ಮುಗಿದ ಮೇಲೂ ಅಣ್ಣ ಲೋವರ್ ಆರ್ಮ್‌ನ ಬೋಲ್ಟ್‌ಗಳನ್ನು ಪೂರ್ತಿ ಬಿಗಿದಿರಲಿಲ್ಲ. ಕಾರನ್ನು ಜಾಕ್‌ನಿಂದ ಇಳಿಸಿ, ನಾಲ್ಕು ಚಕ್ರದ ಮೇಲೆ ಭಾರ ಬಿಟ್ಟು, ಹಿಂದೆ ಮುಂದೆ ಒಮ್ಮೆ ಉರುಳಿಸಿ, ಆಮೇಲೆ ಬಿಗಿದರು. ಯಾಕೆ ಎಂದು ಕೇಳಿದೆ. ಬುಷ್‌ನ ರಬ್ಬರ್ ಒಳಗಿನ ಮತ್ತು ಹೊರಗಿನ ಕಬ್ಬಿಣಕ್ಕೆ ಅಂಟಿಕೊಂಡೇ ಇರುತ್ತದೆ. ಅದು ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ಗಾಳಿಯಲ್ಲಿ ಜೋತಾಡುವಾಗ ಬಿಗಿದರೆ, ಕಾರು ನೆಲಕ್ಕೆ ಇಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಬೇಗ ಹರಿಯುತ್ತದೆ. ಇಷ್ಟು ಸಣ್ಣ ಜಾಗ್ರತೆ. ನೀವು ಎಲ್ಲೇ ಮಾಡಿಸಿದರೂ ಇದೊಂದನ್ನು ಕೇಳಿ ನೋಡಿ.

ಕೊನೆಗೆ ವೀಲ್ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿಪಡಿಸುವುದು. ಒಟ್ಟು ಬಿಲ್ 15,400 ರೂಪಾಯಿ. ಒಂದು ಸಾದಾ ಟೀಚರಿಗೆ ಇದು ಸಣ್ಣ ಮೊತ್ತ ಅಲ್ಲ. ಆದರೆ ಅದಕ್ಕಿಂತ ಮೊದಲು ಒಂದು ಅಂಗಡಿಯವರು ಎತ್ತರ ತಗ್ಗಿಸುವ ಕಾಯಿಲೋವರ್ ಸೆಟ್‌ಗೆ (ಸ್ಪ್ರಿಂಗ್, ಶಾಕ್ ಒಟ್ಟಿಗೇ ಬರುವ ಜೋಡಿ) ಹೇಳಿದ ಬೆಲೆಯ ಕಾಲು ಭಾಗವೂ ಆಗಲಿಲ್ಲ.

ಟಯರಿನ ವಿಷಯದಲ್ಲಿ ಮಾತ್ರ ನಾನು ನಿಜವಾಗಿ ಒಂದು ಮೆಟ್ಟಿಲು ಮೇಲೆ ಹೋದೆ. ನನ್ನ ಕಾರಿಗೆ ಬಂದದ್ದು 165/80 ಆರ್14. ಅದೇ ಸ್ವಿಫ್ಟ್‌ನ ಮೇಲಿನ ಮಾಡೆಲ್‌ಗೆ ಕಂಪೆನಿಯೇ ಕೊಡುತ್ತಿದ್ದದ್ದು 185/65 ಆರ್15. ಹತ್ತನೆಯ ತರಗತಿಯ ಮಕ್ಕಳಿಗೆ ಇದನ್ನೇ ಲೆಕ್ಕವಾಗಿ ಕೊಟ್ಟೆ. ಮೊದಲ ಅಂಕಿ ಟಯರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಬದಿಗೋಡೆಯ ಎತ್ತರ ಅಗಲದ ಶೇಕಡಾ ಎಷ್ಟು ಎಂಬುದು. ಮೂರನೆಯದು ರಿಮ್‌ನ ವ್ಯಾಸ, ಇಂಚಿನಲ್ಲಿ. ಹಳೆಯ ಟಯರಿನ ಬದಿಗೋಡೆ 132 ಮಿಲಿಮೀಟರ್, ಹೊಸದರದ್ದು 120. ಆದರೆ ಒಟ್ಟು ವ್ಯಾಸ ಒಂದು 620, ಇನ್ನೊಂದು 621 ಚಿಲ್ಲರೆ. ಮಕ್ಕಳು ತಾವೇ ಕಂಡುಹಿಡಿದರು: ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ, ಕಾರಿನ ಎತ್ತರ ಇಳಿಯುವುದಿಲ್ಲ, ಟಯರ್ ಎರಡು ಸೆಂಟಿಮೀಟರ್ ಅಗಲವಾಗುತ್ತದೆ, ಬದಿ ಕಡಿಮೆ ಬಾಗುತ್ತದೆ. ಆ ದಿನ ಕ್ಲಾಸಿನಲ್ಲಿ ಯಾರೂ ಆಕಳಿಸಲಿಲ್ಲ. ಕಂಪೆನಿಯ ಹಳೆಯ ರಿಮ್‌ಗಳನ್ನು ಹುಡುಕಿ ಹಾಕಿಸಿಕೊಂಡೆ. ಸ್ಟಿಯರಿಂಗ್ ಸ್ವಲ್ಪ ಭಾರವಾಯಿತು, ಮೈಲೇಜ್ ಸ್ವಲ್ಪ ಇಳಿಯಿತು. ಮಳೆಯಲ್ಲಿ ಕಾರಿನ ಹಿಡಿತ ನೋಡಿದ ಮೇಲೆ ನನಗೆ ಬೇಸರವಿಲ್ಲ.

ಟಯರಿನ ಗಾಳಿ ಮಾತ್ರ ಪುಕ್ಕಟೆ ಸಿಗುವ ಸಸ್ಪೆನ್ಷನ್. ಡ್ರೈವರ್ ಬಾಗಿಲಿನ ಕಂಬದಲ್ಲಿ ಸ್ಟಿಕ್ಕರ್ ಇದೆ, ಎಷ್ಟು ಹಾಕಬೇಕು ಎಂದು ಅಲ್ಲೇ ಬರೆದಿದೆ. ಬೆಳಿಗ್ಗೆ ಟಯರ್ ತಣ್ಣಗಿರುವಾಗ ನೋಡಬೇಕು. ಮೈಲೇಜ್ ಬರಲಿ ಎಂದು ಸುಮ್ನೆ ಜಾಸ್ತಿ ತುಂಬಿಸುವವರು ನಮ್ಮಲ್ಲಿ ತುಂಬಾ ಇದ್ದಾರೆ.

ಈಗ ತಂಗಿಯ ಮಗನ ಕಥೆ. ಅವನ ಅನುಮತಿ ಕೇಳಿಯೇ ಬರೆಯುತ್ತಿದ್ದೇನೆ. ನಾನು ಅವನ ಮಾತು ಕೇಳದಿದ್ದಾಗ ಅವನು ತನ್ನ ಅಪ್ಪನ ಹಳೆಯ ಆಲ್ಟೋದಲ್ಲಿ ಪ್ರಯೋಗ ಮಾಡಿದ. ಬಿಲ್‌ಸ್ಟೀನ್, ಕೋನಿ, ಐಬಾಕ್ ಎಂಬ ವಿದೇಶಿ ಶಾಕ್, ಸ್ಪ್ರಿಂಗ್ ಕಂಪೆನಿಗಳ ಹೆಸರುಗಳೆಲ್ಲ ಅವನಿಗೆ ಬಾಯಿಪಾಠ. ಆದರೆ ಕೈಯಲ್ಲಿ ಹಣ ಇರಲಿಲ್ಲ. ಗೆಳೆಯನ ಪರಿಚಯದ ವೆಲ್ಡಿಂಗ್ ಶಾಪಿನಲ್ಲಿ ಗ್ಯಾಸ್ ಕಟರ್ ಹಿಡಿದು ಸ್ಪ್ರಿಂಗಿನ ಒಂದೂವರೆ ಸುತ್ತು ಕತ್ತರಿಸಿದರು. ಕಾರು ತಗ್ಗಿತು. ನೋಡಲು ಚಂದ ಇತ್ತು, ಅದನ್ನು ನಾನೂ ಒಪ್ಪುತ್ತೇನೆ.

ಲೆಕ್ಕ ನೋಡಿ. ಸ್ಪ್ರಿಂಗಿನ ಸುತ್ತು ಕಡಿಮೆಯಾದಷ್ಟೂ ಅದು ಗಟ್ಟಿಯಾಗುತ್ತದೆ. ಕೆಲಸ ಮಾಡುವ ಸುತ್ತು ಆರು ಇದ್ದು ಒಂದೂವರೆ ಹೋದರೆ ಉಳಿದದ್ದು ನಾಲ್ಕೂವರೆ. ಆರನ್ನು ನಾಲ್ಕೂವರೆಯಿಂದ ಭಾಗಿಸಿ: 1.33. ಮೂರನೇ ಒಂದು ಪಾಲು ಹೆಚ್ಚು ಗಟ್ಟಿ. ಶಾಕ್ ಮಾತ್ರ ಹಳೆಯದೇ. ಅದನ್ನು ಮಾಡಿದ್ದು ಹಳೆಯ ಸ್ಪ್ರಿಂಗಿಗಾಗಿ, ಈ ಹೊಸ ಗಟ್ಟಿತನ ತಡೆಯಲು ಅಲ್ಲ. ಮೇಲಾಗಿ ಗ್ಯಾಸ್‌ನ ಬೆಂಕಿ ತಾಗಿದ ಕಡೆ ಸ್ಪ್ರಿಂಗ್ ಉಕ್ಕಿನ ಹದ ಹೋಗುತ್ತದೆ. ಅದಕ್ಕಿಂತಲೂ ಕೆಟ್ಟದ್ದು ಇನ್ನೊಂದಿದೆ. ಗಿಡ್ಡವಾದ ಸ್ಪ್ರಿಂಗ್ ಚಕ್ರ ಪೂರ್ತಿ ಕೆಳಗೆ ಜೋತಾಗ ತನ್ನ ಜಾಗದಲ್ಲಿ ಬಿಗಿಯಾಗಿ ಕೂರುವುದಿಲ್ಲ. ಸೀತಾಂಗೋಳಿಯ ಹತ್ತಿರ ಪಂಕ್ಚರ್ ಆಗಿ ಅವನು ಜಾಕ್ ಹಾಕಿದ. ಇಳಿಸುವಾಗ ಸ್ಪ್ರಿಂಗ್ ಓರೆಯಾಗಿ ಕೂತುಬಿಟ್ಟಿತು. ಕಾರು ಒಂದು ಮೂಲೆಗೆ ವಾಲಿ ನಿಂತಿತು. "ದೊಡ್ಡಮ್ಮ, ಬರ್ತೀರಾ?" ಎಂದು ಫೋನಿನಲ್ಲಿ ಕೇಳಿದ ಅವನ ದನಿ ಇನ್ನೂ ಕಿವಿಯಲ್ಲಿದೆ. ಅದೇ ಸ್ಪ್ರಿಂಗ್ ತಿರುವಿನಲ್ಲಿ ಹಾರಿದ್ದರೆ ಎಂದು ಯೋಚಿಸಿ ನನ್ನ ಕೈ ನಡುಗಿತು.

ಅದಕ್ಕೆ ಮೊದಲೇ ಅವನಿಗೆ ದಂಡವೂ ಬಿದ್ದಿತ್ತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪೆನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿದೆ. ಆ ಕೇಸು ಕೇರಳದಿಂದಲೇ ಹೋದದ್ದು. ಆದರೆ ಅವನ ಕೈಗೆ ಸಿಕ್ಕಿದ ಕಾಗದ ಪೂರ್ತಿ ಮಲಯಾಳದಲ್ಲಿತ್ತು. ಅವನು ಓದಿದ್ದು ಕನ್ನಡ ಮೀಡಿಯಂ. ಏನು ತಪ್ಪು, ಏನು ಮಾಡಿದರೆ ಸರಿ ಎಂದು ಅವನಿಗೆ ಓದಲು ಬರಲಿಲ್ಲ. ದಂಡ ಕಟ್ಟಿ ಬಂದ, ಕಲಿತದ್ದು ಏನೂ ಇಲ್ಲ. ಕಾಸರಗೋಡಿನಲ್ಲಿ, ಮಂಜೇಶ್ವರದಲ್ಲಿ ಇಷ್ಟು ಕನ್ನಡಿಗರು ಗಾಡಿ ಓಡಿಸುತ್ತೇವೆ. ನಿಯಮದ ಕಾಗದವನ್ನು ಕನ್ನಡದಲ್ಲೂ ಕೊಡುವುದು ದೊಡ್ಡ ಬೇಡಿಕೆ ಅಲ್ಲ, ಅಲ್ವಾ?

ಈ ಹುಡುಗರನ್ನು ಪೋಕರಿಗಳು ಎಂದು ಬೈದು ಬಿಡುವುದು ನನಗೆ ಸರಿ ಕಾಣುವುದಿಲ್ಲ. ಕಾರು ಚೆನ್ನಾಗಿ ತಿರುಗಬೇಕು ಎಂಬ ಆಸೆಯಲ್ಲಿ ಏನು ತಪ್ಪಿದೆ? ತಪ್ಪಿರುವುದು ಯಾವುದರ ನಂತರ ಯಾವುದು ಎಂಬ ಕ್ರಮದಲ್ಲಿ. ಹಿಂದಿನ ಆಕ್ಸಲ್‌ಗೆ ದಪ್ಪ ಆ್ಯಂಟಿ ರೋಲ್ ಬಾರ್, ಅಂದರೆ ಎಡ ಬಲ ಚಕ್ರಗಳನ್ನು ಜೋಡಿಸುವ ಉಕ್ಕಿನ ಸರಳು, ಹಾಕಿದರೆ ಕಾರು ವಾಲುವುದು ಕಡಿಮೆಯಾಗಿ ಮೂಗು ಚುರುಕಾಗಿ ತಿರುಗುತ್ತದೆ, ಅದು ನಿಜ. ಆದರೆ ಅದರ ಬೆಲೆ ಹಿಂದಿನ ಚಕ್ರದ ಹಿಡಿತ. ಕೆಂಪು ಮಣ್ಣು ಮೆತ್ತಿದ ಒದ್ದೆ ರಸ್ತೆಯಲ್ಲಿ ಹಿಂಭಾಗ ಮೊದಲು ಜಾರಿದರೆ ಹಿಡಿಯುವುದು ಎಲ್ಲರಿಗೂ ಸಾಧ್ಯವಿಲ್ಲ. ನಾನು ಅದನ್ನು ಬೇಡ ಎಂದೆ. ಲೋವರಿಂಗ್ ಸ್ಪ್ರಿಂಗ್ ಕೂಡ ಹಾಗೆಯೇ. ಆ ಮಾಡೆಲಿಗೆಂದೇ ಮಾಡಿದ ಸ್ಪ್ರಿಂಗ್ ಮತ್ತು ಅದಕ್ಕೆ ಹೊಂದುವ ಶಾಕ್ ಜೊತೆಗೇ ಬಂದರೆ ಅದು ಒಳ್ಳೆಯ ಕೆಲಸವೇ. ಆದರೆ ನನ್ನ ಕಾರಿನ ನೆಲದ ಅಂತರ 170 ಮಿಲಿಮೀಟರ್. ಅದರಲ್ಲಿ 35 ಹೋದರೆ 135. ನಾಲ್ಕು ಜನ ಕೂತು, ಡಿಕ್ಕಿಯಲ್ಲಿ ಒಂದು ಗೋಣಿ ಅಡಿಕೆ ಇಟ್ಟರೆ ಇನ್ನೂ ಕಡಿಮೆ. ನಮ್ಮ ಹಂಪ್‌ಗಳ ಮುಂದೆ ಅದು ಎಲ್ಲಿಗೆ ಸಾಕು?

ಹಂಪ್ ಎಂದಾಗ ಇನ್ನೊಂದು ಲೆಕ್ಕ. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಒಂದು ಅಳತೆ ಕೊಟ್ಟಿದೆ. ಹಂಪ್‌ನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ಅಂದರೆ ಸುಮಾರು 17 ಮೀಟರ್ ತ್ರಿಜ್ಯದ ದೊಡ್ಡ ವೃತ್ತದ ಒಂದು ಚೂರು. 25 ಕಿಲೋಮೀಟರ್ ವೇಗದಲ್ಲಿ ಸಲೀಸಾಗಿ ದಾಟಬಹುದು. ನಮ್ಮ ಶಾಲೆಯ ಹತ್ತಿರದ ಹಂಪನ್ನು ಮಕ್ಕಳೊಂದಿಗೆ ಟೇಪ್ ಹಿಡಿದು ಅಳೆದೆ. ಎತ್ತರ 16 ಸೆಂಟಿಮೀಟರ್, ಅಗಲ 1.4 ಮೀಟರ್. ವೃತ್ತದ ಪಾಠದ ಸೂತ್ರ ಹಾಕಿದರೆ ತ್ರಿಜ್ಯ 1.6 ಮೀಟರ್. ಹದಿನೇಳು ಇರಬೇಕಾದಲ್ಲಿ ಒಂದೂವರೆ ಚಿಲ್ಲರೆ! ಬಣ್ಣ ಇಲ್ಲ, ಮೊದಲೇ ತಿಳಿಸುವ ಬೋರ್ಡ್ ಇಲ್ಲ. ಮಕ್ಕಳ ಜೀವಕ್ಕಾಗಿ ಹಂಪ್ ಬೇಕೇ ಬೇಕು, ಅದನ್ನು ತೆಗೆಯಿರಿ ಎಂದು ನಾನು ಹೇಳುವುದಿಲ್ಲ. ಆದರೆ ಇಂಥದ್ದು ಆಟೋದವರ ಬೆನ್ನು ಮುರಿಯುತ್ತದೆ, ಬಸುರಿ ಹೆಂಗಸರನ್ನು ಕರೆದೊಯ್ಯುವ ಆಂಬುಲೆನ್ಸನ್ನು ಎತ್ತಿ ಹಾಕುತ್ತದೆ. ಯಾವ ಶಾಕ್ ಹಾಕಿಸಿದರೂ ಇದಕ್ಕೆ ಉತ್ತರವಿಲ್ಲ. ಮಕ್ಕಳು ಚಿತ್ರ ಬರೆದು, ಅಳತೆ ಬರೆದು, ಸಹಿ ಹಾಕಿ ಸಂಬಂಧಪಟ್ಟ ಕಚೇರಿಗೆ ಕೊಟ್ಟಿದ್ದಾರೆ. ಐದು ತಿಂಗಳಾಯಿತು. ಇಂದಿಗೂ, "ಟೀಚರೇ, ಉತ್ತರ ಬಂತಾ?" ಎಂದು ಕೇಳುತ್ತಾರೆ.

ಸಂಪಾದಕರೇ, ನಿಮ್ಮ ಪತ್ರಿಕೆಯ ವಾಹನ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಹೊಸ ಕಾರಿನ ಸನ್‌ರೂಫ್, ಸ್ಕ್ರೀನ್, ಮೈಲೇಜ್ ಎಲ್ಲ ಬರುತ್ತದೆ. ಹಳೆಯ ಕಾರು ಓಡಿಸುವವರೇ ಜಾಸ್ತಿ ಇರುವ ನಮ್ಮ ಊರಿಗೆ ಒಂದು ವಾರ ಬುಷ್ ಬಗ್ಗೆ ಬರೆಯಿರಿ, ಒಂದು ವಾರ ಶಾಕ್ ಬಗ್ಗೆ, ಒಂದು ವಾರ ಟಯರಿನ ಅಂಕಿಗಳ ಬಗ್ಗೆ. ಚಿತ್ರ ಹಾಕಿ ಬರೆಯಿರಿ. ಗ್ಯಾರೇಜಿನ ಅಣ್ಣನಂಥವರನ್ನು ಮಾತನಾಡಿಸಿ. ಅವರಿಗೆ ಗೊತ್ತಿರುವುದು ಎಲ್ಲೂ ಅಚ್ಚಾಗಿಲ್ಲ.

ತಂಗಿಯ ಮಗ ಈಗ ರಜೆಯ ದಿನಗಳಲ್ಲಿ ಅದೇ ಗ್ಯಾರೇಜಿಗೆ ಹೋಗುತ್ತಾನೆ. ಆಲ್ಟೋಗೆ ಕಂಪೆನಿಯ ಸ್ಪ್ರಿಂಗ್ ವಾಪಸ್ ಬಂದಿದೆ. ಹೋದ ಭಾನುವಾರ ಬುಷ್ ಬದಲಿಸುವಾಗ ಅವನೇ ಅಣ್ಣನಿಗೆ ಹೇಳಿದನಂತೆ, ತಡೆಯಿರಿ, ಕಾರು ಇಳಿಸಿ ಬಿಗಿಯೋಣ ಎಂದು. ಮಕ್ಕಳ ಹಂಪ್ ಚಿತ್ರದ ಪ್ರತಿಯೊಂದನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಜಾಗ ಇದ್ದರೆ ದಯವಿಟ್ಟು ಅದನ್ನೂ ಪ್ರಕಟಿಸಿ.

ಇತಿ,
ಗಣಿತ ಅಧ್ಯಾಪಿಕೆ, ಪೆರ್ಲ